ಕಡೇಚೂರಿನಿಂದ ಮೂರು ದಿನದ ಸಫರ್

ಸೌದಿಯಲ್ಲಿ ಕೆಲಸ ಮಾಡುವ ನನ್ನ ತಮ್ಮ ಮತ್ತು ಅವನ ಹೆಂಡತಿ ರಜೆಯಲ್ಲಿ ಅಲ್-ಉಲಾದ ಮರುಭೂಮಿಗೆ ಹೋಗಿಬಂದು ಮೊಬೈಲಿಗೆ ಚಿತ್ರಗಳನ್ನು ಕಳಿಸಿದ್ದರು. ಕೆಂಪು ಬಂಡೆಯನ್ನು ಕಡಿದು ಮಾಡಿದ ಎತ್ತರದ ಬಾಗಿಲುಗಳು, ಅವುಗಳ ಮುಂದೆ ಕಪ್ಪು ಕನ್ನಡಕ ಹಾಕಿಕೊಂಡು ನಿಂತ ಗಂಡ-ಹೆಂಡತಿ. ಮದಾಯಿನ್ ಸಾಲೆಹ್ ಎಂದು ನಾವು ಚಿಕ್ಕಂದಿನಿಂದ ಹೆಸರು ಕೇಳಿದ ಜಾಗ ಅದು. ಎರಡು ಸಾವಿರ ವರ್ಷಗಳ ಹಿಂದೆ ನಬಾತಿ ಜನ ಅಲ್ಲಿ ಬಂಡೆಯೊಳಗೆ ನೂರಕ್ಕೂ ಹೆಚ್ಚು ಗೋರಿಗಳನ್ನು ಕೊರೆದರು. 2008ರಲ್ಲಿ ಅದು ಯುನೆಸ್ಕೋ ಪಟ್ಟಿಗೆ ಸೇರಿತು. 2019ರಿಂದ ಸೌದಿ ಸರ್ಕಾರ ಪ್ರವಾಸಿ ವೀಸಾ ಕೊಡತೊಡಗಿದ ಮೇಲೆ ದೇಶ ದೇಶದ ಜೋಡಿಗಳು ಅಲ್ಲಿಗೆ ಹೋಗುತ್ತಿವೆ.

ಚಿತ್ರಗಳನ್ನು ನೋಡುತ್ತ ನಾನು ನಿಟ್ಟುಸಿರಿಟ್ಟೆ. ಮದುವೆಯಾಗಿ ಇಪ್ಪತ್ತೆರಡು ವರ್ಷ. ನಾವಿಬ್ಬರೂ ಕೂಡಿ ಹೋದದ್ದೆಂದರೆ ಶಾದಿಗೆ, ಮಯ್ಯತ್ತಿಗೆ, ಉರುಸಿಗೆ, ಆಸ್ಪತ್ರೆಗೆ. ಸುಮ್ಮನೆ ನೋಡುವುದಕ್ಕೆಂದು ಎಲ್ಲಿಗೂ ಹೋಗಿರಲಿಲ್ಲ. ಗಣಿತದ ಮೇಷ್ಟರಾದ ನಮ್ಮ ಮನೆಯವರು ಕನ್ನಡಕ ತೆಗೆದು ಒರೆಸುತ್ತ, “ಬಂಡೆ, ಬಿಸಿಲು, ಹಾಳು ಊರು ಇವನ್ನು ನೋಡಲು ಸೌದಿ ಏಕೆ? ಕಡೇಚೂರಿನಲ್ಲಿ ಬಸ್ ಹತ್ತಿದರೆ ಸಾಕು” ಎಂದರು. ತಮಾಷೆ ಎಂದುಕೊಂಡೆ. ಆದರೆ ಫೆಬ್ರವರಿಯಲ್ಲಿ ಅವರು ನಿಜವಾಗಿಯೂ ಮೂರು ದಿನದ ರಜೆ ಹಾಕಿ ಬಂದರು. ಅತ್ತೆ ಪಕ್ಕದ ಮನೆಯವರಿಗೆ, “ಪತ್ಥರಾಂ ದೇಖನೆ ಜಾರೈಂ ಕತೆ!” ಎಂದು ಹೇಳಿ ನಕ್ಕರು. ಕಲ್ಲು ನೋಡಲು ಹೊರಟಿದ್ದಾರಂತೆ ಇವರು!

ನಮ್ಮದು ಮರುಭೂಮಿಯಲ್ಲ. ದಕ್ಷಿಣಕ್ಕೆ ಕೃಷ್ಣೆ ಇದೆ, ನಡುವೆ ಭೀಮೆ ಇದೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಸುರಪುರ, ಶಹಾಪುರದ ಎಷ್ಟೋ ಕಡೆ ಜೋಳದ ಹೊಲಗಳು ಭತ್ತದ ಗದ್ದೆಗಳಾಗಿವೆ. ಆದರೆ ಕಾಲುವೆ ಮುಟ್ಟದ ಮಡ್ಡಿ ಭೂಮಿ ಇಂದಿಗೂ ಮಳೆಯನ್ನೇ ನಂಬಿದೆ. ತೊಗರಿ ಕೊಯ್ಲಾದ ಮೇಲೆ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋದ ಮನೆಗಳ ಬೀಗಗಳನ್ನು ನೋಡಿದರೆ, ಬಳ್ಳಾರಿ ಜಾಲಿಯ ನಡುವೆ ಒಂಟಿಯಾಗಿ ನಿಂತ ಬೇವಿನ ಮರವನ್ನು ನೋಡಿದರೆ, ಮರುಭೂಮಿ ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ.

ಪೀಠವಾದ ಶಾಸನ

ಮೊದಲ ದಿನ ಬೆಳಿಗ್ಗೆ ಯಾದಗಿರಿ ಕೋಟೆ ಹತ್ತಿದೆವು. ಊರ ನಡುವೆಯೇ ಎದ್ದು ನಿಂತ ಬಂಡೆಯ ಬೆಟ್ಟ ಅದು. ಕಲ್ಯಾಣದ ಚಾಲುಕ್ಯರು, ಯಾದವರು, ಬಹಮನಿಗಳು, ಆದಿಲ್‌ಶಾಹಿಗಳು ಎಲ್ಲರೂ ಇಲ್ಲಿ ತಮ್ಮ ಗುರುತು ಬಿಟ್ಟಿದ್ದಾರೆ. ಒಂದೇ ಬೆಟ್ಟದಲ್ಲಿ ಗುಡಿಯಿದೆ, ಮಸೀದಿಯಿದೆ, ಬಂಡೆಯಲ್ಲಿ ಕೆತ್ತಿದ ತೀರ್ಥಂಕರರಿದ್ದಾರೆ, ಬುರುಜಿನ ಮೇಲೆ ತೋಪುಗಳಿವೆ. ಕನ್ನಡ ಶಾಸನವೂ ಇದೆ, ಫಾರ್ಸಿ ಶಾಸನವೂ ಇದೆ. ನಾನು ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವಳು. ಅಲಿಫ್-ಬೇ ಗೊತ್ತಿದ್ದುದರಿಂದ ಫಾರ್ಸಿಯ ಒಂದೆರಡು ಪದ ಕೂಡಿಸಿ ಓದಿದೆ. ಹಳಗನ್ನಡದ ಅಕ್ಷರಗಳ ಮುಂದೆ ನನ್ನ ಕನ್ನಡ ಸೋತಿತು. ಎರಡು ಲಿಪಿಯನ್ನು ಕಲಿಸಿದ ಶಾಲೆಗಳು ನಮ್ಮದೇ ಊರಿನ ಕಲ್ಲನ್ನು ಓದುವುದಕ್ಕೆ ಮಾತ್ರ ಕಲಿಸಿರಲಿಲ್ಲ. ಬೆಟ್ಟದ ಮೇಲಿನ ಕಲ್ಲು ಪಠ್ಯಪುಸ್ತಕದೊಳಗೆ ಇಳಿದು ಬಂದಿರಲೇ ಇಲ್ಲ.

ಮಧ್ಯಾಹ್ನ ರೈಲಿನಲ್ಲಿ ನಾಲವಾರಕ್ಕೆ ಹೋಗಿ ಅಲ್ಲಿಂದ ಜೀಪು ಹಿಡಿದು ಭೀಮೆಯ ದಂಡೆಯ ಸನ್ನತಿ ಸೇರಿದೆವು. ಅದು ಕಲಬುರಗಿ ಜಿಲ್ಲೆಗೆ ಸೇರಿದ್ದು. ಜನ ಅಲ್ಲಿಗೆ ಹೋಗುವುದು ಚಂದ್ರಲಾ ಪರಮೇಶ್ವರಿಯ ದರ್ಶನಕ್ಕೆ. 1986ರಲ್ಲಿ ಆ ಗುಡಿಯ ಆವರಣದ ಕಾಳಿಯ ಗುಡಿಯ ಚಾವಣಿ ಕುಸಿಯಿತು. ದೇವಿಯ ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲನ್ನು ನೋಡಿದರೆ ಅದರ ತುಂಬ ಬ್ರಾಹ್ಮಿ ಅಕ್ಷರ! ಅದು ಅಶೋಕ ಚಕ್ರವರ್ತಿಯ ಶಾಸನವಾಗಿತ್ತು. ಮೂರ್ತಿಯನ್ನು ಕೂರಿಸಲು ಯಾರೋ ಅದರ ನಡುವೆ ರಂಧ್ರ ಕೊರೆದಿದ್ದರು.

ಆ ಕಲ್ಲಿನ ಮೇಲಿರುವುದರಲ್ಲಿ ಅಶೋಕನ ಹನ್ನೆರಡನೆಯ ಶಿಲಾಶಾಸನವೂ ಒಂದು. ಅದರ ತಿರುಳು ಇಷ್ಟು: ತನ್ನ ಮತವನ್ನು ಹೊಗಳುವ ಭರದಲ್ಲಿ ಇತರರ ಮತವನ್ನು ಹಳಿಯುವವನು ಕೊನೆಗೆ ತನ್ನ ಮತಕ್ಕೇ ಹಾನಿ ಮಾಡುತ್ತಾನೆ, ಎಲ್ಲರೂ ಒಬ್ಬರ ಮಾತನ್ನು ಒಬ್ಬರು ಕೇಳಬೇಕು. ಇಪ್ಪತ್ತೆರಡು ಶತಮಾನಗಳ ಹಿಂದೆ ನಮ್ಮ ಭೀಮೆಯ ದಂಡೆಯ ಜನರಿಗಾಗಿ ಕೆತ್ತಿಸಿದ ಮಾತು ಇದು. ಅದನ್ನು ಅರಿಯದ ಜನ ಆ ಕಲ್ಲನ್ನು ದೇವರ ಕೆಳಗಿಟ್ಟು ಪೂಜಿಸಿದರು. ಇದನ್ನು ನಾಶ ಎನ್ನಬೇಕೋ, ರಕ್ಷಣೆ ಎನ್ನಬೇಕೋ? ಪೀಠವಾಗಿದ್ದುದರಿಂದಲೇ ಆ ಕಲ್ಲು ಉಳಿಯಿತು. ಯಾರು ಯಾವುದನ್ನು ಒಡೆದರು ಎಂದು ಲೆಕ್ಕ ಕೇಳುವ ಈ ಕಾಲದಲ್ಲಿ, ಒಂದು ಕಲ್ಲು ಕೈಯಿಂದ ಕೈಗೆ ದಾಟಿ ಬಂದ ಬಗೆಯನ್ನೂ ಕೇಳಬೇಕು ಅನಿಸಿತು.

ಹತ್ತಿರದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಒಂದು ಮಹಾಸ್ತೂಪ ಹೊರಬಂತು. ಅದರ ಒಂದು ಫಲಕದಲ್ಲಿ ರಾಜನೊಬ್ಬ ತನ್ನ ರಾಣಿಯೊಂದಿಗೆ ನಿಂತಿದ್ದಾನೆ. ಛತ್ರ, ಚಾಮರ ಹಿಡಿದ ಹೆಣ್ಣುಗಳಿದ್ದಾರೆ. ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕ’ ಎಂಬ ಬರಹವಿದೆ. ಅಶೋಕ ಸತ್ತು ಇನ್ನೂರು ವರ್ಷವಾದರೂ ಕಳೆದ ಮೇಲೆ ಕೆತ್ತಿದ್ದು ಇದು. ಹೆಸರು ಬರೆದು ಅಶೋಕನನ್ನು ತೋರಿಸಿದ ಶಿಲ್ಪವೆಂದು ವಿದ್ವಾಂಸರು ಇದಕ್ಕೆ ಬಹಳ ಬೆಲೆ ಕೊಡುತ್ತಾರೆ. ಇಂಥ ಶಿಲ್ಪಗಳು ಬಹುಕಾಲ ಬಿಸಿಲು ಮಳೆಗೆ ಮೈಯೊಡ್ಡಿ ಮಲಗಿದ್ದವು ಎಂಬುದು ಮಾತ್ರ ನಮಗೆ ಹೆಮ್ಮೆ ತರುವ ಸಂಗತಿಯಲ್ಲ.

ಸಗರದ ಅತಿಥಿ, ಗೋಗಿಯ ಸುಲ್ತಾನರು

ಎರಡನೆಯ ದಿನ ಶಹಾಪುರದ ದಾರಿ. ಊರು ಹತ್ತಿರವಾದಂತೆ ಬಸ್ಸಿನ ಕಿಟಕಿಯಲ್ಲಿ ಮಲಗಿದ ಬುದ್ಧ ಕಾಣುತ್ತಾನೆ. ನಾಲ್ಕು ಗುಡ್ಡಗಳ ಸಾಲು ಅದು. ಹಣೆ, ಮೂಗು, ಎದೆ ಎಲ್ಲವೂ ಯಾರೋ ತಿದ್ದಿದಂತಿವೆ. ಯಾವ ಶಿಲ್ಪಿಯೂ ಮಾಡಿದ್ದಲ್ಲ.

ಶಹಾಪುರದ ಪಕ್ಕದ ವಿಭೂತಿಹಳ್ಳಿಯಲ್ಲಿ ಬಯಲಿನ ಉದ್ದಕ್ಕೂ ನೂರಾರು ಗುಂಡುಕಲ್ಲುಗಳು ಸಾಲು ಸಾಲಾಗಿ ಕೂತಿವೆ. ಬೃಹತ್ ಶಿಲಾಯುಗದ ಜನ ಉರುಳಿಸಿ ತಂದು ಇಟ್ಟವು. ನಮ್ಮವರು ಗಣಿತದವರಲ್ಲವೇ, ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸುತ್ತ ನಡೆದರು. “ಅಂತರ ಹೆಚ್ಚುಕಡಿಮೆ ಒಂದೇ. ಲೆಕ್ಕ ಬಲ್ಲವರೇ ಇಟ್ಟಿದ್ದಾರೆ” ಎಂದರು. ಸೂರ್ಯನ ಚಲನೆಗೂ ಈ ಸಾಲುಗಳಿಗೂ ಸಂಬಂಧವಿರಬೇಕೆಂದು ಕೆಲವು ಸಂಶೋಧಕರು ಊಹಿಸಿದ್ದಾರೆ. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಇವನ್ನು ಯಾರು ಇಟ್ಟರೆಂದು ಕೇಳಿದೆ. “ನಮ್ಮ ಮುತ್ಯಾನ ಮುತ್ಯಾನ ಕಾಲಕ್ಕೂ ಹಿಂಗೇ ಇದ್ವಂತ್ರೀ ತಾಯಿ. ಈಗ ನೋಡ್ರಿ, ಹೊಲ ಮಾಡವ್ರು ಒಂದೊಂದೇ ದೂಡಲಾಕ ಹತ್ಯಾರ” ಎಂದರು.

ಶಹಾಪುರದ ಬಳಿಯದೇ ಸಗರ. ಈಗ ಸಾಧಾರಣ ಊರು. ಆದರೆ ದಕ್ಷಿಣ ಭಾರತದ ಇತಿಹಾಸದ ಒಂದು ದೊಡ್ಡ ತಿರುವು ಇಲ್ಲಿಂದ ಶುರುವಾಯಿತು. ಮುಹಮ್ಮದ್ ಬಿನ್ ತುಘಲಕನ ಸೋದರ ಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ಇಲ್ಲಿಯ ಅಧಿಕಾರಿಯಾಗಿದ್ದ. 1326ರ ಸುಮಾರಿಗೆ ಅವನು ಸುಲ್ತಾನನ ವಿರುದ್ಧ ಬಂಡೆದ್ದು ಸೋತು, ಹೆಂಡತಿ ಮಕ್ಕಳೊಂದಿಗೆ ಕಂಪಿಲಿಯ ರಾಜನ ಆಶ್ರಯ ಬೇಡಿದ. ಕುಮಾರರಾಮನ ತಂದೆ ಕಂಪಿಲರಾಯ ಆಶ್ರಯ ಕೊಟ್ಟ. ದಿಲ್ಲಿಯ ಸೈನ್ಯ ಬಂದು ಮುತ್ತಿದಾಗಲೂ ಅತಿಥಿಯನ್ನು ಒಪ್ಪಿಸಲಿಲ್ಲ. ತನ್ನ ಕಥೆ ಮುಗಿಯಿತೆಂದು ತಿಳಿದಾಗ ಅವನನ್ನು ಸುರಕ್ಷಿತವಾಗಿ ಹೊಯ್ಸಳ ಬಲ್ಲಾಳನ ಕಡೆಗೆ ಕಳಿಸಿ, ತಾನು ಕಾದಾಡಿ ಸತ್ತ. ರಾಜ್ಯ ಹೋಯಿತು, ಮನೆಯ ಹೆಣ್ಣುಮಕ್ಕಳು ಬೆಂಕಿಗೆ ಬಿದ್ದರು. ಬಲ್ಲಾಳ ಮಾತ್ರ ಗುರ್ಷಾಸ್ಪನನ್ನು ಒಪ್ಪಿಸಿಬಿಟ್ಟ. ಸುಲ್ತಾನ ತನ್ನ ಬಂಧುವಿನ ಚರ್ಮ ಸುಲಿಸಿದ. ಇಬ್ನ್ ಬತೂತಾ ಈ ಕಥೆಯನ್ನು ಬರೆದಿಟ್ಟಿದ್ದಾನೆ.

ಇಲ್ಲಿ ಕೊಂದವನೂ ಸತ್ತವನೂ ಒಂದೇ ಮನೆತನದ ಮುಸಲ್ಮಾನರು. ಕಾಪಾಡಲು ರಾಜ್ಯವನ್ನೇ ಕಳೆದುಕೊಂಡವನು ಹಿಂದೂ. ಕುಮಾರರಾಮನ ಕಥೆ ಹೇಳುವಾಗ ನಮ್ಮಲ್ಲಿ ಎಷ್ಟು ಜನ ಈ ಅತಿಥಿಯನ್ನು ನೆನೆಯುತ್ತಾರೆ? ಸಗರದವರಿಗಾದರೂ ತಮ್ಮ ಊರಿನ ಹೆಸರು ಆ ಕಥೆಯಲ್ಲಿದೆ ಎಂದು ಯಾರಾದರೂ ಹೇಳಿದ್ದಾರೆಯೇ?

ಗೋಗಿಯ ಬಸ್ಸಿನಲ್ಲಿ ಕಂಡಕ್ಟರು, “ಯಾರ ಮನಿಗಿ ಹೊಂಟೀರ್ರೀ?” ಎಂದು ಕೇಳಿದರು. ಸುಲ್ತಾನರ ಗೋರಿ ನೋಡಲು ಎಂದಾಗ ಅವರ ಮುಖದಲ್ಲಿ ಆಶ್ಚರ್ಯ. “ಗೋಳಗುಮ್ಮಟ ಬಿಜಾಪುರದಾಗ ಅದಲ್ಲೇನ್ರೀ?”

ಹೌದು, ಗೋಳಗುಮ್ಮಟ ವಿಜಯಪುರದಲ್ಲಿದೆ. ಆದರೆ ಆದಿಲ್‌ಶಾಹಿಯ ಮೊದಲ ನಾಲ್ವರು ಮಲಗಿರುವುದು ಗೋಗಿಯಲ್ಲಿ. ರಾಜ್ಯ ಕಟ್ಟಿದ ಯೂಸುಫ್, ಅವನ ಮಗ ಇಸ್ಮಾಯಿಲ್, ಕೆಲವೇ ತಿಂಗಳು ಆಳಿದ ಮಲ್ಲು, 1558ರಲ್ಲಿ ತೀರಿಕೊಂಡ ಮೊದಲನೆಯ ಇಬ್ರಾಹಿಮ್. ಹಜರತ್ ಚಂದಾ ಹುಸೇನಿಯವರ ದರ್ಗಾದ ನೆರಳಿನಲ್ಲಿ ಇವರ ಗೋರಿಗಳಿವೆ. ಆಕಾಶಕ್ಕೆ ಸವಾಲು ಹಾಕುವ ಗುಂಬಜು ಇಲ್ಲ. ಪೀರನ ಪಾದದ ಬಳಿ ಜಾಗ ಸಿಕ್ಕರೆ ಸಾಕು ಎಂದುಕೊಂಡ ಕಾಲ ಅದು. ಅದೇ ವಂಶ ನೂರು ವರ್ಷದಲ್ಲಿ ಜಗತ್ತಿನ ದೊಡ್ಡ ಗುಂಬಜುಗಳಲ್ಲೊಂದನ್ನು ಕಟ್ಟಿತು, ಮತ್ತೆ ಮೂವತ್ತು ವರ್ಷದಲ್ಲಿ ರಾಜ್ಯವನ್ನೇ ಕಳೆದುಕೊಂಡಿತು.

ಯೂಸುಫನ ಬೇಗಂ ಬೂಬೂಜಿ ಖಾನಂ. ಹುಟ್ಟಿನಿಂದ ಅವಳು ಮರಾಠಾ ಸರದಾರ ಮುಕುಂದರಾಯನ ತಂಗಿ. 1510ರಲ್ಲಿ ಯೂಸುಫ್ ಸತ್ತಾಗ ಮಗ ಇಸ್ಮಾಯಿಲ್ ಇನ್ನೂ ಹುಡುಗ. ರಾಜ್ಯ ನೋಡಿಕೊಳ್ಳಬೇಕಿದ್ದ ಕಮಾಲ್ ಖಾನನೇ ಸಿಂಹಾಸನ ನುಂಗಲು ಹೊಂಚು ಹಾಕಿದ. ಬೂಬೂಜಿ ಅವನ ಸಂಚನ್ನು ಮುರಿದಳು. ಅವನ ಮಗ ಸಫ್ದರ್ ಖಾನ್ ಸೈನ್ಯ ತಂದು ಅರಮನೆ ಮುತ್ತಿದಾಗ, ಮನೆತನದ ಹಿರಿಯಳು ದಿಲ್‌ಶಾದ್ ಆಗಾ ಕವಚ ತೊಟ್ಟು ಗೋಡೆಯ ಮೇಲೆ ನಿಂತು ಕಾದಾಡಿದಳು. ಕೊನೆಗೆ ಬಾಲಕ ಇಸ್ಮಾಯಿಲನೇ ಮೇಲಿನಿಂದ ಕಲ್ಲು ಉರುಳಿಸಿ ಸಫ್ದರನನ್ನು ಕೊಂದನೆಂದು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಷ್ತಾ ಬರೆಯುತ್ತಾನೆ. ಈ ಇಬ್ಬರು ಹೆಂಗಸರು ಇಲ್ಲದಿದ್ದರೆ ಇಬ್ರಾಹಿಂ ರೋಜಾವೂ ಇಲ್ಲ, ಗೋಳಗುಮ್ಮಟವೂ ಇಲ್ಲ.

ಇಬ್ರಾಹಿಮನ ಗೋರಿಯ ಮುಂದೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಂತೆ. ಸರ್ಕಾರದ ಲೆಕ್ಕಪತ್ರಗಳನ್ನು ಫಾರ್ಸಿಯಿಂದ ಬಿಡಿಸಿ ಈ ನೆಲದ ಭಾಷೆಗೆ ತಂದವನೆಂದು, ಆ ಕೆಲಸಕ್ಕೆ ಬ್ರಾಹ್ಮಣ ಲೆಕ್ಕಿಗರನ್ನು ನೇಮಿಸಿದವನೆಂದು ಅವನಿಗೆ ಹೆಸರಿದೆ. ಮನೆಯಲ್ಲಿ ದಖನಿ ಆಡಿ, ಕನ್ನಡದಲ್ಲಿ ಕಥೆ ಬರೆಯುವ ನನ್ನಂಥವಳಿಗೆ ಇವನು ದೂರದವನಲ್ಲ. “ನೀವು ಕನ್ನಡ ಎಷ್ಟು ಚೆನ್ನಾಗಿ ಬರೆಯುತ್ತೀರಿ!” ಎಂದು ಸಭೆಗಳಲ್ಲಿ ಯಾರಾದರೂ ಬೆರಗುಪಟ್ಟಾಗ ಇನ್ನು ಮೇಲೆ ಗೋಗಿಗೆ ಹೋಗಿ ಬನ್ನಿ ಎನ್ನಬೇಕೆಂದುಕೊಂಡೆ.

ಗೋಗಿಯ ನೆಲದೊಳಗೆ ಈಗ ಯುರೇನಿಯಂ ಪತ್ತೆಯಾಗಿದೆ. ಗಣಿಯ ಮಾತು ಬಂದಾಗಿನಿಂದ ಊರಿನವರಿಗೆ ಕುಡಿಯುವ ನೀರಿನದೇ ಚಿಂತೆ. ನೆಲದ ಮೇಲಿನ ಗೋರಿಯನ್ನು ಕೇಳದವರು ನೆಲದ ಕೆಳಗಿನ ಅದಿರನ್ನು ಹುಡುಕಿಕೊಂಡು ದೂರದಿಂದ ಬಂದರು.

ಬೆಟ್ಟದ ಮೇಲಿನ ಬಂಗಲೆ

ಮೂರನೆಯ ದಿನ ಸುರಪುರ. ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆ. ನಿಜಾಮನ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದ. ಬೇಡ ನಾಯಕರ ಈ ಸಂಸ್ಥಾನದಲ್ಲಿ ಮರುವರ್ಷ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಎಳೆಯ ಹುಡುಗ. ರಾಣಿ ಈಶ್ವರಮ್ಮ ಮತ್ತು ಟೇಲರನ ನಡುವಿನ ಜಗ್ಗಾಟ, ಬೋನಾಳದ ಕೆರೆಯ ಕೆಲಸ, ಹುಡುಗ ರಾಜ ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದುದು ಇವನ್ನೆಲ್ಲ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವನು ಸತ್ತ ಮರುವರ್ಷ, 1877ರಲ್ಲಿ, ಮಗಳು ಅದನ್ನು ಪ್ರಕಟಿಸಿದಳು. ವಿಭೂತಿಹಳ್ಳಿಯ ಕಲ್ಲಿನ ಸಾಲು, ರಾಜನಕೋಳೂರಿನ ಮೋರ್ಯರ ಮನೆಗಳು ಎಂಬ ಕಲ್ಲುಗೋರಿಗಳು ಇವನ್ನು ಮೊದಲು ಅಳೆದು ಚಿತ್ರಿಸಿ ಜಗತ್ತಿಗೆ ತಿಳಿಸಿದವನೂ ಅವನೇ.

ಅವನ ಹೆಂಡತಿ ಮೇರಿ ಹೈದರಾಬಾದಿನ ದೊಡ್ಡ ಸಾಹುಕಾರ ವಿಲಿಯಂ ಪಾಮರನ ಮಗಳು. ಪಾಮರನ ತಾಯಿ ಫೈಜ್ ಬಕ್ಷ್ ಬೇಗಂ, ಉತ್ತರ ಹಿಂದೂಸ್ತಾನದ ಮುಸ್ಲಿಂ ಮನೆತನದ ಹೆಣ್ಣು. ಮೇರಿ 1844ರಲ್ಲೇ ತೀರಿಕೊಂಡಳು. ಆ ಬಂಗಲೆಯ ಹೆಸರಿನಲ್ಲಿ ಟೇಲರ್ ಇದ್ದಾನೆ, ಮೇರಿ ಇಲ್ಲ. ಅವಳ ಅಜ್ಜಿಯಂತೂ ಇನ್ನೂ ದೂರ. ಯಾವ ಕಟ್ಟಡದಲ್ಲೂ ಹೀಗೆ ಹೆಸರಿಲ್ಲದ ಹೆಂಗಸರು ಇರುತ್ತಾರೆ.

1853ರಲ್ಲಿ ಟೇಲರ್ ಸುರಪುರ ಬಿಟ್ಟ. ಐದು ವರ್ಷದಲ್ಲಿ ಅವನು ಬೆಳೆಸಿದ ಹುಡುಗನೇ ಬ್ರಿಟಿಷರ ವಿರುದ್ಧ ಎದ್ದು ನಿಂತ. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ನಡೆದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೈದರಾಬಾದಿಗೆ ಹೋದ ವೆಂಕಟಪ್ಪ ನಾಯಕ ಅಲ್ಲಿ ಸೆರೆಯಾದ. ಮರಣದಂಡನೆ ಕಡಿಮೆಯಾಗುತ್ತ ಬಂದು ನಾಲ್ಕು ವರ್ಷದ ಸೆರೆವಾಸಕ್ಕೆ ನಿಂತಿತು. ಅವನನ್ನು ಚೆಂಗಲ್ಪಟ್ಟಿಗೆ ಒಯ್ಯುವಾಗ ಮೊದಲ ಮಜಲಿನಲ್ಲೇ ಗುಂಡು ತಗುಲಿ ಸತ್ತ. ಆತ್ಮಹತ್ಯೆ ಎನ್ನುತ್ತದೆ ಬ್ರಿಟಿಷ್ ದಾಖಲೆ. ಆಗ ಅವನ ವಯಸ್ಸು ಇಪ್ಪತ್ತನಾಲ್ಕರ ಆಚೀಚೆ. ಸಂಸ್ಥಾನ ನಿಜಾಮನ ಪಾಲಾಯಿತು.

ಸುರಪುರದ ಆಚೆ ಹುಣಸಗಿಯ ಕಣಿವೆಯಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ದಶಕಗಳ ಕಾಲ ಈ ಭಾಗದಲ್ಲಿ ದುಡಿದರು. ಬೂದಿಹಾಳದಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳ ಬೂದಿ ದಿಬ್ಬವನ್ನು ಅಗೆದರು. ಊರಿನ ಹೆಸರಿನಲ್ಲೇ ಬೂದಿ ಉಳಿದಿದೆ. ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲು ಕಡಿದು ಕೈಗೊಡಲಿ ಮಾಡುತ್ತಿದ್ದ ಜಾಗ ಸಿಕ್ಕಿತು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಅಂದಾಜಾಗಿದೆ. ತಮ್ಮನ ಅಲ್-ಉಲಾ ಎರಡು ಸಾವಿರ ವರ್ಷದ್ದು. ನಮ್ಮವರು ಮನಸ್ಸಿನಲ್ಲೇ ಭಾಗಿಸಿ, “ಆರು ನೂರು ಪಟ್ಟು” ಎಂದು ನಕ್ಕರು. ಟಿಕೆಟ್ಟು, ಫಲಕ, ಕುಡಿಯುವ ನೀರು, ಹೆಂಗಸರಿಗೊಂದು ಶೌಚಾಲಯ ಇವನ್ನೂ ಯಾರಾದರೂ ಭಾಗಿಸಿ ಹೇಳಬೇಕು.

ನಮ್ಮ ಬಾವಿ

ರಾತ್ರಿ ಕಡೇಚೂರಿಗೆ ಮರಳಿದಾಗ ಅತ್ತೆ ಜೋಳದ ರೊಟ್ಟಿ ಬಡಿದು ಕಾಯುತ್ತಿದ್ದರು. ಏನು ನೋಡಿ ಬಂದಿರಿ ಎಂದರು. ಎಲ್ಲವನ್ನೂ ಹೇಳಿದೆವು. ಸುಮ್ಮನೆ ಕೇಳಿದರು. ಕೊನೆಗೆ, “ನಾಳೆ ನಮ್ಮ ಬಾವಿಯನ್ನೂ ನೋಡಿ ಬನ್ನಿ, ಇದೆಯೋ ಇಲ್ಲವೋ” ಎಂದರು.

ಕಡೇಚೂರು-ಬಾಡಿಯಾಳ ಭಾಗದಲ್ಲಿ 2011-12ರ ಸುಮಾರಿಗೆ ಕೈಗಾರಿಕೆಗೆಂದು ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ಸ್ವಾಧೀನಪಡಿಸಿಕೊಂಡರು. ರೈಲ್ವೆ ಬೋಗಿ ಕಾರ್ಖಾನೆ ಬಂತು, ಔಷಧ ಮತ್ತು ರಾಸಾಯನಿಕದ ಘಟಕಗಳು ಬಂದವು. ಸುತ್ತಲಿನ ಹಳ್ಳಿಗಳವರು ಕೆಟ್ಟ ವಾಸನೆ, ಕೆಟ್ಟ ನೀರು ಎಂದು ದೂರುತ್ತಲೇ ಇದ್ದಾರೆ. ಮಾವನವರ ಐದು ಎಕರೆಯೂ ಅದರಲ್ಲಿ ಹೋಯಿತು. ಪರಿಹಾರದ ದುಡ್ಡು ಬಂದ ದಾರಿಯಲ್ಲೇ ಹೋಯಿತು. ಕಾರ್ಖಾನೆಗಳೇ ಬೇಡವೆಂದು ನಾನು ಹೇಳಲಾರೆ; ಗುಳೆ ಹೋಗುವ ಹುಡುಗರಿಗೆ ಊರಲ್ಲೇ ಕೆಲಸ ಬೇಕು. ಆದರೆ ಆ ಕೆಲಸ ಎಷ್ಟು ಜನ ಊರವರಿಗೆ ಸಿಕ್ಕಿತೆಂದು ಊರವರನ್ನೇ ಕೇಳಬೇಕು.

ಮರುದಿನ ಮುಂಜಾನೆ ಹೋದೆವು. ತಂತಿಬೇಲಿಯ ಆಚೆ, ಇನ್ನೂ ಏನೂ ಕಟ್ಟದ ಖಾಲಿ ಜಾಗದಲ್ಲಿ, ಜಾಲಿಯ ನಡುವೆ ಬಾವಿಯ ಕಟ್ಟೆ ಕಾಣುತ್ತಿತ್ತು. ಮಾವನವರ ಅಪ್ಪ ಕಟ್ಟಿಸಿದ್ದು. ಮೊಟೆಯ ಹಗ್ಗ ತಿಕ್ಕಿ ತಿಕ್ಕಿ ಕಲ್ಲಿನಲ್ಲಿ ಬಿದ್ದ ಗೆರೆಗಳು ಇದ್ದವೆಂದು ನಮ್ಮವರು ಹೇಳಿದರು. ಬೇಲಿಯ ಈಚೆಯಿಂದ ಅವು ಕಾಣಲಿಲ್ಲ. ಮೂರು ದಿನ ಎಷ್ಟೊಂದು ಹಾಳು ಕಟ್ಟಡಗಳ ಮುಂದೆ ಲೆಕ್ಕ ಹೇಳುತ್ತ ನಡೆದವರು ಇಲ್ಲಿ ಏನೂ ಹೇಳಲಿಲ್ಲ. ನಾನು ಮೊಬೈಲಿನಲ್ಲಿ ಅವರದೊಂದು ಚಿತ್ರ ತೆಗೆದೆ. ಹಿಂದೆ ಬೇಲಿ, ಬೇಲಿಯ ಹಿಂದೆ ಬಾವಿ. ಅದನ್ನು ತಮ್ಮನಿಗೆ ಕಳಿಸಿದೆ.

ಓದುಗರಲ್ಲಿ ಒಂದೇ ಬಿನ್ನಹ. ನಿಮ್ಮ ಊರಿನ ಸುತ್ತ ಇರುವ ಕಲ್ಲು, ಬಾವಿ, ಬುರುಜು, ಗುಡಿ, ಮಸೀದಿ, ಗೋರಿ ಇವುಗಳ ಪಟ್ಟಿಯೊಂದನ್ನು ಮಾಡಿ. ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಶಾಲೆಯ ಮಕ್ಕಳನ್ನು ಒಂದು ದಿನ ಕರೆದೊಯ್ಯಿರಿ. ಗಂಡಂದಿರು ಹೆಂಡತಿಯರನ್ನೂ ಕರೆದೊಯ್ಯಲಿ. ನಿಧಿ ಹುಡುಕುವವರು ಹಾರೆ ಹಿಡಿದು ಬರುವ ಮೊದಲು, ಜೆಸಿಬಿ ಬರುವ ಮೊದಲು, ಇದು ನಮ್ಮದು, ಅದು ನಿಮ್ಮದು ಎಂದು ಜಗಳ ಹಚ್ಚುವವರು ಬರುವ ಮೊದಲು, ನಾವು ಹೋಗಿ ನೋಡಿರಬೇಕು. ಕಳೆದುಹೋದ ಮೇಲೆ ಏನು ಕಳೆಯಿತೆಂದು ಹೇಳಲಿಕ್ಕಾದರೂ ಒಮ್ಮೆ ನೋಡಿರಬೇಕಲ್ಲವೇ?